ಹಗ್ಗ ಹಿಡಿದವನು

ನನ್ನ ಹೆಸರು ರಿಬೆಲ್ಲೆ. ದಂಗೆಕೋರ ಅಂತ ಅರ್ಥ.
ಈ ಹೆಸರಿಗೆ ನೀರು ಚಿಮುಕಿಸಲು ಪಾದ್ರಿ ಒಪ್ಪಲಿಲ್ಲವಂತೆ.
ಅಪ್ಪ ಇಗರ್ಜಿಯ ಮೆಟ್ಟಿಲಿಳಿದು
ಬೀದಿಯ ಕಾರಂಜಿಯಲ್ಲೇ ನನ್ನ ನೆತ್ತಿ ನೆನೆಸಿದನಂತೆ.
ಎಪ್ಪತ್ತೊಂದು ವರ್ಷ. ಒಮ್ಮೆಯೂ ದಂಗೆಯೆದ್ದವನಲ್ಲ.
ಬ್ರೆಡ್ಡಿಗೂ ಸರತಿಯಲ್ಲಿ ನಿಂತವನು.

ಈ ಬೇಸಿಗೆ, ಕರಾರಾದ ಮೇಲಿನ ಹಳೆಯ ಗಣಿಯಲ್ಲಿ
ಒಪೆರಾ ಆಡುತ್ತಿದ್ದಾರೆ, ಬಯಲಲ್ಲಿ.
ಮೂರು ಕಡೆ ಅಮೃತಶಿಲೆಯ ಗೋಡೆ,
ನಾಲ್ಕನೆಯ ಕಡೆ ಸಮುದ್ರ, ತಟ್ಟೆಯಂಚಿನಷ್ಟು.
ಕಥೆ ಪ್ಯಾರಿಸಿನದು: ಕರಪತ್ರ ಅಚ್ಚುಹಾಕುವವನೊಬ್ಬ,
ಸೆರೆಮನೆ ಕಾವಲುಗಾರನ ಮಗಳೊಬ್ಬಳು.
ಕ್ರಾಂತಿಗೆಂದು ಅಚ್ಚು ಹಾಕಿದ, ಮೆರೆಸಿದರು.
ಸಾಕು ರಕ್ತ ಎಂದು ಅಚ್ಚು ಹಾಕಿದ, ಹಿಡಿದರು.

ನನ್ನ ಪಾತ್ರಕ್ಕೆ ಮಾತಿಲ್ಲ, ಮುಖವಿಲ್ಲ.
ಕಪ್ಪು ಪರದೆಯ ಹಿಂದೆ ನಿಂತು
ತಲೆ ಕಡಿಯುವ ಯಂತ್ರದ ಅಲಗನ್ನು ಮೇಲಕ್ಕೆಳೆಯಬೇಕು.
ಅಷ್ಟೇ. ಬೀಳಿಸುವುದಿಲ್ಲ.
ಅದು ತುದಿ ಮುಟ್ಟಿದಾಗ ದೀಪ ಆರುತ್ತದೆ, ಆಟ ಮುಗಿಯುತ್ತದೆ.
ಪ್ಲೈವುಡ್ಡು, ಮೇಲೆ ಬೆಳ್ಳಿ ಬಣ್ಣ, ಒಂಬತ್ತು ಕಿಲೋ.
ನಾನೇ ತೂಗಿ ನೋಡಿದ್ದೇನೆ.
“ನಿಧಾನ, ರಿಬೆಲ್ಲೆ, ಸೂರ್ಯ ಹುಟ್ಟಿದ ಹಾಗೆ,”
ಎನ್ನುತ್ತಾಳೆ ತೂರಿನಿನಿಂದ ಬಂದ ನಿರ್ದೇಶಕಿ.
ಇವಳು ಎಂದು ನೋಡಿದ್ದಾಳೋ ಸೂರ್ಯ ಹುಟ್ಟುವುದನ್ನು,
ಹನ್ನೊಂದಕ್ಕೆ ಏಳುವವಳು.

ಗುಂಪಿನ ಹಾಡಿಗೆಲ್ಲ ನಮ್ಮೂರವರೇ.
ಔಷಧಿ ಅಂಗಡಿಯ ತೆರ್ಸಿಲ್ಲಾ
ಕೆಂಪು ಟೊಪ್ಪಿಗೆ ಹಾಕಿಕೊಂಡು “ಕೊಲ್ಲಿ! ಕೊಲ್ಲಿ!” ಎಂದು ಕೂಗುತ್ತಾಳೆ.
ಮಧ್ಯಾಹ್ನ ಅದೇ ತೆರ್ಸಿಲ್ಲಾ ನನ್ನ ಬಿಪಿ ನೋಡಿ
ಉಪ್ಪು ಕಡಿಮೆ ಮಾಡು ಮಾವಾ, ಎಂದಿದ್ದಳು.
ಗಾಳಿ ಎದ್ದರೆ ಕಲ್ಲಿನ ಹುಡಿ ಏಳುತ್ತದೆ,
ದೀಪದ ಬೆಳಕಿಗೆ ಎಲ್ಲರೂ ಬೆಳ್ಳಗೆ:
ರಾಜನ ಕಡೆಯವರು, ಜನರ ಕಡೆಯವರು,
ಕೆಮ್ಮುತ್ತಿರುವ ನಾಯಕ.

ನನಗೊಬ್ಬ ತಮ್ಮನಿದ್ದ. ಆತೆಯೊ. ದೇವರಿಲ್ಲ ಅಂತ ಅರ್ಥ.
ಅಪ್ಪ ಹಠವಾದಿ.
ಎಪ್ಪತ್ತೊಂಬತ್ತರ ಮಾರ್ಚ್, ಇದೇ ಗಣಿ,
ಈಗ ಪಿಟೀಲಿನವರು ಕೂರುವ ಜಾಗ.
ಕೆಳಗೆ ಅವನು, ಮೇಲೆ ರಾಟೆಯ ಹತ್ತಿರ ನಾನು.
ಉಕ್ಕಿನ ಹಗ್ಗ ಎಳೆಎಳೆಯಾಗಿ ಬಿಚ್ಚಿದ್ದು
ನನ್ನ ಅಂಗೈಗೆ ಮೊದಲು ಗೊತ್ತಾಯಿತು, ಆಮೇಲೆ ಕಣ್ಣಿಗೆ.
“ಅಮ್ಮಾ” ಅಂದ.
ಮನೆಯಲ್ಲಿದ್ದ ಅಮ್ಮನನ್ನೋ,
ಇಗರ್ಜಿಯಲ್ಲಿರುವ ಅಮ್ಮನನ್ನೋ,
ಅಪ್ಪ ಸಾಯುವ ತನಕ ಕೇಳುತ್ತಲೇ ಇದ್ದ.

ಕೊನೆಯ ಅಂಕದಲ್ಲಿ
ಕಾವಲುಗಾರನ ಮಗಳು ಅವನ ಕೂದಲು ಕತ್ತರಿಸುತ್ತಾಳೆ.
ಅಲಗಿಗೆ ಅಡ್ಡ ಬರಬಾರದಲ್ಲ, ಅದು ಸರ್ಕಾರದ ನಿಯಮ.
ವಾದ್ಯಗಳೆಲ್ಲ ಸುಮ್ಮನಾಗುತ್ತವೆ.
ಕತ್ತರಿಯ ಸದ್ದು, ಅವಳ ಹಾಡು,
ಒಂದೊಂದು ಕೂದಲಿಗೂ ಒಂದೊಂದು ಸ್ವರವೆಂಬಂತೆ ಸಾವಕಾಶ.
ಎರಡು ಸಾವಿರ ಜನ ಉಸಿರು ಬಿಗಿಹಿಡಿದಿರುತ್ತಾರೆ.
ಅವರ ಮೇಲೆ, ಟಿಕೆಟ್ಟು ಕೇಳದ ಬಂಡೆಯಂಚಿನಲ್ಲಿ,
ನನ್ನ ಅರ್ಜೀಯಾ, ತೊಡೆಯ ಮೇಲೆ ಬ್ರೆಡ್ಡಿನ ಗಂಟು.

ಗಣಿಯ ಮೊದಲ ಪಾಠ:
ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ,
ಅದು ಹೋದರೆ ಹೋಗಲಿ, ನೀನು ಉಳಿ.
ನಾನು ಸುತ್ತಿಕೊಳ್ಳುತ್ತೇನೆ.
ಪ್ರತಿ ರಾತ್ರಿ, ಎರಡು ಸುತ್ತು, ಮಣಿಕಟ್ಟಿಗೆ.
ಪ್ಲೈವುಡ್ಡಿಗೆ. ಒಂಬತ್ತು ಕಿಲೋಗೆ.

ಚಪ್ಪಾಳೆ, ಹೂವು. ಬಸ್ಸುಗಳು ಇಳಿಜಾರಿನಲ್ಲಿ ಇಳಿದು ಹೋದ ಮೇಲೆ
ಕತ್ತಲಲ್ಲಿ ಒಬ್ಬನೇ
ಅಲಗನ್ನು ಕೆಳಗಿಳಿಸುತ್ತೇನೆ,
ತೊಟ್ಟಿಲಿಗೆ ಮಗುವನ್ನಿಟ್ಟಂತೆ, ಸದ್ದಾಗದ ಹಾಗೆ.

ಭಾನುವಾರ ಆಟವಿಲ್ಲ.
ಬಾಲ್ಕನಿಯಲ್ಲಿ ಕುರ್ಚಿ, ಹೆಗಲಿಗೆ ಹಳೆಯ ಟವೆಲು.
ಅರ್ಜೀಯಾ ನನ್ನ ಮಣಿಕಟ್ಟಿನ ಕೆಂಪು ಬರೆ ನೋಡುತ್ತಾಳೆ.
ಏನೂ ಕೇಳುವುದಿಲ್ಲ.
ಬಾಚಣಿಗೆ ನೀರಿಗದ್ದುತ್ತಾಳೆ. ಕತ್ತರಿ ತಣ್ಣಗಿದೆ.
“ಕತ್ತು ಬಗ್ಗಿಸು,” ಎನ್ನುತ್ತಾಳೆ.
ಬಗ್ಗಿಸುತ್ತೇನೆ.