ಸಂಧಿ ಪ್ರಕರಣ

ಹಾಸನದ ಆಸ್ಪತ್ರೆ, ಎರಡನೇ ಮಹಡಿ, ಕೊನೆಯ ಕೋಣೆ.
ಕಿಟಕಿಯಾಚೆ ಆಲೂಗಡ್ಡೆ ಮೂಟೆ ಹೇರಿದ ಲಾರಿ
ಗೇರು ಬೀಳದೆ ಕೆಮ್ಮುತ್ತಿದೆ.
ಎದುರಿಗೆ ಜವರಮ್ಮ ಟೀಚರು:
ಹೊಳೆನರಸೀಪುರದ ಹೈಸ್ಕೂಲು, ಮೂವತ್ತೊಂದು ವರ್ಷ ಕನ್ನಡ,
ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳು.
ಎಡ ಮೆದುಳಿನಲ್ಲಿ ಹುಣಸೆಬೀಜದಷ್ಟು ರಕ್ತ ಹೆಪ್ಪುಗಟ್ಟಿ
ಮಾತು + ಇಲ್ಲ = ಮಾತಿಲ್ಲ.

ಲೋಪಸಂಧಿ ಅಲ್ಲವಾ ಮೇಡಂ, ಅಂದೆ.
ನಗಲಿಲ್ಲ.

ನಾನು ತಬಸ್ಸುಮ್. ಹೋದ ಮಾತನ್ನು ಕರೆತರುವುದು ನನ್ನ ಸಂಬಳದ ಕೆಲಸ.
ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ,
ಹತ್ತನೇ ಕ್ಲಾಸಿನ ವ್ಯಾಕರಣದ ದಿನ
ಜ್ವರ ಬರಿಸಿಕೊಂಡು ಮಲಗಿದವಳು.

ಕೊಡೆಯ ಚಿತ್ರ ತೋರಿಸಿದೆ. ‘ಅಯ್ಯೋ’ ಅಂದರು.
ನಾಯಿ. ‘ಅಯ್ಯೋ.’
ಗಂಡನ ಫೋಟೋ. ‘ಅಯ್ಯೋ, ಅಯ್ಯೋ.’
ಎಲ್ಲ ಹೋದ ಮೇಲೂ ಉದ್ಗಾರವೊಂದು ಉಳಿಯುತ್ತದೆ,
ಅದರ ಬಿಡಾರ ಮೆದುಳಿನಲ್ಲಿ ಬೇರೆ ಕಡೆ.
ಅವರೇ ಹಲಗೆಯ ಮೇಲೆ ಬರೆದಿರಬೇಕು ಎಷ್ಟೋ ಸಲ:
ಅಯ್ಯೋ + ಇದೇನು,
ಪಕ್ಕದಲ್ಲಿ ಯಾವ ಸ್ವರ ಬಂದು ನಿಂತರೂ
ಕೂಡಿಕೊಳ್ಳುವುದಿಲ್ಲ, ಪ್ರಕೃತಿಭಾವ.

ಹೊರಗೆ ಬೆಂಚಿನ ಮೇಲೆ ದೊಡ್ಡಯ್ಯನವರು,
ರೆಪ್ಪೆಯಲ್ಲೂ ರಾಗಿ ಹಿಟ್ಟಿನ ಧೂಳು.
ಒಳಗೆ ಏನಾಗ್ತಿದೆ ಮಗಾ, ಎಂದು ಕೇಳಿದರು.
ನರಕ್ಕೂ ನರಕ್ಕೂ ನಡುವೆ ಒಂದು ಸಂದು, ಅಂದೆ,
ಕೂದಲೆಳೆ ಅದರ ಮುಂದೆ ಹೆದ್ದಾರಿ.
ಈಚೆ ದಡದವರು ಹನಿ ಎಸೆಯುತ್ತಾರೆ, ಆಚೆ ದಡದಲ್ಲಿ ಹಿಡಿಯುವ ಕೈಗಳು.
ಬಿಡದೆ ಎಸೆದರೆ ಆಚೆ ಕೈ ಹೆಚ್ಚುತ್ತವೆ,
ಎಸೆತ ಸೊರಗಿದರೆ, ತಾಳ ತಪ್ಪಿದರೆ
ಒಂದೊಂದಾಗಿ ಒಳಕ್ಕೆ ಎಳೆದುಕೊಳ್ಳುತ್ತವೆ.
‘ನಮ್ಮ ಹಿಟ್ಟಿನ ಗಿರಣಿ ಇದ್ದಂಗೆ ಅನ್ನು.
ಎಂಟು ದಿನ ಬಾಗ್ಲು ಹಾಕುದ್ರೆ
ಗಿರಾಕಿ ಬೇರೆ ಗಿರಣಿ ಕಂಡ್ಕೋತಾರೆ.’

ಐದು ವರ್ಷ ನಾನು ಓದಿದ್ದು ಅಷ್ಟೇ.

ಸವೆಯುವುದು ತಪ್ಪಲ್ಲ, ಅದನ್ನೂ ಹೇಳಬೇಕಿತ್ತು.
ಎಲ್ಲ ಸಂದೂ ಗಟ್ಟಿಯಾದರೆ
ಎಲ್ಲ ಪದವೂ ಒಟ್ಟಿಗೇ ಕೈಯೆತ್ತಿ ‘ನಾನು ನಾನು’ ಎನ್ನುವ ತರಗತಿ.
ಬಿಡಬೇಕು ಕೆಲವನ್ನು. ಆದರೆ ಲೋಪಕ್ಕೊಂದು ಷರತ್ತಿದೆ,
ಅರ್ಥ ಕೆಡಬಾರದು.
ಆ ಹುಣಸೆಬೀಜ ಷರತ್ತು ಓದಿರಲಿಲ್ಲ.

ನಲವತ್ತೊಂದನೇ ದಿನ. ನನಗೂ ಸಾಕಾಗಿತ್ತು.
ಸ್ಲೇಟಿನ ಮೇಲೆ ಏನೋ ಗೀಚಿದೆ:
ಮಳೆ + ಕಾಲ = ಮಳೆಕಾಲ.
ಅವರ ಎಡಗೈ ಬಂತು.
ಹೆಬ್ಬೆರಳಿಂದ ನನ್ನ ‘ಕಾ’ ಒರೆಸಿ
ಬಗ್ಗಿದ ಮೊಳೆಯಂಥ ಒಂದು ಗ, ಅದಕ್ಕೆ ದೀರ್ಘ.
ಆಮೇಲೆ ಗಂಟಲೂ ಬಂತು, ಹಿಂದಿನಿಂದ, ಏದುಸಿರು ಬಿಡುತ್ತ:
ಗ. ಗಾಲ. ಮಳೆಗಾಲ.
ಜೊತೆಗೆ ಆ ನೋಟ,
ಕೊನೇ ಬೆಂಚಿನ ನಲವತ್ತು ಜನ ಏಕಕಾಲಕ್ಕೆ ತಲೆ ತಗ್ಗಿಸುವ ನೋಟ.

ಎಷ್ಟು ಸಾವಿರ ನೋಟುಪುಸ್ತಕ, ಎಷ್ಟು ಬಾಟಲಿ ಕೆಂಪು ಶಾಯಿ!
ಸರಿಯಾದದ್ದನ್ನು ಕೇಳಿದರೆ ಬಾರದ ಪದ
ತಪ್ಪು ಕಂಡರೆ ಬೆತ್ತ ಹಿಡಿದು ಓಡಿ ಬರುತ್ತದೆ.

ಚಿತ್ರಗಳ ಡಬ್ಬ ಬೀರುವಿಗೆ ಸೇರಿತು.
ದಿನಕ್ಕೆ ಇಪ್ಪತ್ತು ತಪ್ಪು, ಲೆಕ್ಕ ಇಟ್ಟು ಮಾಡಿದೆ.
ಮಗು + ಇಗೆ = ಮಗುಯಿಗೆ.
‘ವಿ! ಮಗುವಿಗೆ!’
ಕಣ್ + ಪನಿ = ಕಣ್ಪನಿ.
ಇದಕ್ಕೆ ತುಂಬಾ ಹೊತ್ತು ಹಿಡಿಯಿತು. ಲಾರಿಯೊಂದು ಹೋಯಿತು, ಇನ್ನೊಂದು ಹೋಯಿತು.
ಕಂಬನಿ, ಅಂದರು.
ಬಾಗಿಲಲ್ಲಿ ನಿಂತಿದ್ದ ದೊಡ್ಡಯ್ಯನವರು
ಬೀಡಿ ನೆಪದಲ್ಲಿ ಮೆಟ್ಟಿಲಿಳಿದರು.

ಕೊಡೆ ಇನ್ನೂ ಬಂದಿಲ್ಲ. ನಾಯಿ ಬಂದಿದೆ. ನನ್ನ ಹೆಸರು ಬಂದಿಲ್ಲ.

ನಿನ್ನೆ ತಿಂಗಳ ವರದಿ ಬರೆಯುತ್ತಿದ್ದೆ, ಅವರ ಪಕ್ಕದಲ್ಲೇ ಕೂತು:
‘ರೋಗಿಯು ಮಳೆಕಾಲದ ಹೊತ್ತಿಗೆ ಶಾಲೆಗೆ ಮರಳುವ ಸಾಧ್ಯತೆ...’
ಮೂರು ತಿಂಗಳು ತಪ್ಪನ್ನೇ ಸಾಧನೆ ಮಾಡಿದ ಕೈ,
ನನ್ನೊಳಗೂ ಯಾವುದೋ ಸಂದಿನಲ್ಲಿ
ಹಿಡಿಯುವವರು ಹೆಚ್ಚಿದ್ದರು, ನನಗೆ ಹೇಳದೆ.

ಎಡಗೈ ಚಾಚಿ ಪೆನ್ನು ಕಿತ್ತುಕೊಂಡರು.
‘ಗ,’ ಅಂದರು.