ಸಪ್ಪೆ

ಸ್ಟ್ರೀಕಿ ಬೇ ಊರಾಚೆ, ಸಿಂಪಿ ಶೆಡ್ಡಿನ ಹಿಂದೆ
ಲೋರ್ನಾ ಪಾಸ್ಕೋ ಒಂದು ಕಿಟಕಿಯನ್ನು
ಆಕಾಶಕ್ಕೆ ಮುಖಮಾಡಿ ಓರೆಯಾಗಿ ಮಲಗಿಸಿದ್ದಾಳೆ.

ಮುಚ್ಚಿಹೋದ ಶಾಲೆಯ ಗಾಜು ಅದು.
ಮೂಲೆಯಲ್ಲಿನ್ನೂ ಯಾವುದೋ ಮಗು ಕೆರೆದ
ಅರ್ಧ ಹೆಸರಿದೆ: ಬ್ರಾನ್. ಅಷ್ಟೇ.
ಅಡಿಯಲ್ಲಿ ಕಪ್ಪು ಬಳಿದ ತಗಡಿನ ತಟ್ಟೆ,
ತಟ್ಟೆಯಲ್ಲಿ ಎರಡು ಬೆರಳು ಕಡಲು.

ಹತ್ತು ಗಂಟೆಗೆ ಗಾಜಿನೊಳಗೆ ಮಂಜು.
ಹನ್ನೊಂದಕ್ಕೆ ಬೆವರು.
ಆಮೇಲೊಂದು ಹನಿ, ಇಳಿಯಲೋ ಬೇಡವೋ ಎಂದು
ಆ ಹೆಸರಿನ ಹತ್ತಿರ ತುಸು ತಡೆದು
ಜಾರಿ, ತಗಡಿನ ದೋಣಿಗೆ, ಪೈಪಿಗೆ, ಜಾಡಿಗೆ
ಟಪ್.

ಟ್ಯಾಂಕರಿನವನು ನಗುತ್ತಾನೆ: "ದಿನಕ್ಕೆಷ್ಟು?"
"ಮೂರು ಲೀಟರ್. ಮೋಡವಿದ್ದರೆ ಒಂದು.
ನಿನ್ನ ಹಾಗೆ ಬಿಲ್ಲು ಕಳಿಸುವುದಿಲ್ಲ ಸೂರ್ಯ."
ಹೇಳಲಿಲ್ಲ ಅವಳು, ಮೊದಲ ಬೇಸಿಗೆ ಕಿತ್ತುಬಂದ ಅಂಟು,
ಸೀಳಿದ ಎರಡು ಗಾಜು,
ರಬ್ಬರಿನ ವಾಸನೆಗೆ ಮೂಗು ಮುರಿದು ಹೋದ ನಾಯಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು
ಅನ್ನುತ್ತದೆ ನನ್ನ ಭಾಷೆ, ಬೆದರಿಸುವಂತೆ.
ನಲವತ್ತು ವರ್ಷ ಸಿಂಪಿ ಬಿಡಿಸಿದ ಈ ಕೈಗಳು
ಉಗುರುಸಂದಿಯವರೆಗೂ ತಿಂದಿವೆ.

ಸಂಜೆ ನನಗೊಂದು ಲೋಟ ಕೊಟ್ಟಳು.
ಬೆಚ್ಚಗಿತ್ತು. ರುಚಿಯೇ ಇಲ್ಲ,
ಕಡಲಿಗೆ ತನ್ನ ಹೆಸರು ಮರೆತ ಹಾಗೆ.
ನನ್ನ ಮುಖ ನೋಡಿ ಲೋರ್ನಾ
ತಟ್ಟೆಯಂಚಿನ ಬಿಳಿ ಹಕ್ಕಳೆಯನ್ನು ಉಗುರಲ್ಲಿ ಕೆರೆದು
ಚಿಟಿಕೆಗೂ ಕಡಿಮೆ
ಲೋಟಕ್ಕೆ ಉದುರಿಸಿದಳು.

"ಈಗ ಕುಡಿ."