ಎಂಟು

ಕೋಡಿಬಾಗದ ಬಯಲಿನಲ್ಲಿ ಸುಣ್ಣ ಚೆಲ್ಲಿ ಬರೆದಿದ್ದೇನೆ ಎಂಟು.
ಕನ್ನಡದ್ದಲ್ಲ, ಅದರ ಬಾಯಿ ಯಾವಾಗಲೂ ತೆರೆದೇ ಇರುತ್ತದೆ.
ಇಂಗ್ಲಿಷಿನದು. ಹೊರಟಲ್ಲಿಗೇ ಬಂದು ಮುಟ್ಟಬೇಕು,
ಗೆರೆ ತುಳಿಯದೆ.

ಪ್ರೇಮಾವತಿ ತಾಂಡೇಲ, ವಯಸ್ಸು ನಲವತ್ತಾರು,
ಸೆಕೆಂಡ್ ಹ್ಯಾಂಡ್ ಪಿಕಪ್ಪು, ಹಿಂದೆ ಎರಡು ಐಸಿನ ಪೆಟ್ಟಿಗೆ.
ಮೂರನೇ ದಿನಕ್ಕೇ ಕೇಳಿದಳು:
"ಮಾಸ್ತರೇ, ಗೇರು ಗೀರು ಹೇಗೋ ಬರುತ್ತದೆ ಬಿಡಿ.
ಪೋಳೆ ದಾಟಿದ ಮೇಲೆ ಪೊಲೀಸ ಕೈ ಅಡ್ಡ ಹಾಕಿದರೆ
ಏನು ಮಾಡಲಿ?"

ಮಡಗಾಂವಿಗೆ ಬಂಗಡೆ ಒಯ್ಯುವವಳಿಗೆ
ಪರದೇಶವೆಂದರೆ ಅಷ್ಟೇ: ಕಾಳಿ ಸೇತುವೆ, ಮಾಜಾಳಿ, ಆಮೇಲೆ ಒಂದು ಗೇಟು.
ಆಡುವ ಮಾತು ಅದೇ ಕೊಂಕಣಿ. ಬೈಗುಳವೂ ಅದೇ.
ನಂಬರ್ ಪ್ಲೇಟು ಮಾತ್ರ ಕೆಎ ಮೂವತ್ತು.

ನಾನು ಹನ್ನೊಂದು ವರ್ಷ ಆಫ್ರಿಕಾದ ಒಂದು ಬಂದರಿನಲ್ಲಿ
ಸಿಮೆಂಟಿನ ಲಾರಿ ಓಡಿಸಿದವನು. ಗೊತ್ತಿದ್ದದ್ದು ಹೇಳಿದೆ.
ಕಿಟಕಿ ಪೂರ್ತಿ ಇಳಿಸಬೇಡ, ನಾಲ್ಕು ಬೆರಳು ಸಾಕು.
ಕೈ ಸ್ಟೇರಿಂಗಿನ ಮೇಲೆ, ಅವನಿಗೆ ಕಾಣುವಂತೆ.
ಕೀಲಿ ಮಾತ್ರ ಕೊಡಬೇಡ. ಕೀಲಿ ಹೋದರೆ ದಿನ ಹೋಯಿತು.
ಲೈಸೆನ್ಸಿನ ಮಡಿಕೆಯಲ್ಲಿ ನೋಟು ಇಡು,
ಮುಖ ಒಳಗೆ ಬರುವಂತೆ.

ಅಲ್ಲಿ ಅವರು ಕೇಳುತ್ತಿದ್ದದ್ದು ಸೋಡಾ.
ಒಬ್ಬ, ಬಿಳಿ ಅಂಗಿ, ಬೆವರಿದರೂ ಇಸ್ತ್ರಿ ಕೆಡದವನು,
ಬಾಗಿಲು ತೆಗೆದು ನನ್ನ ಪಕ್ಕವೇ ಕೂತುಬಿಟ್ಟ.
"ಸ್ಟೇಷನ್."
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ನಡುವೆ ಇದ್ದದ್ದು ಒಂದು ಒಡೆದ ಇಂಡಿಕೇಟರ್
ಮತ್ತು ಹೆಂಡತಿ ಊರಿಂದ ಕಟ್ಟಿ ಕಳಿಸಿದ್ದ ಒಣಸಿಗಡಿ.
ಏಳು ಮೈಲಿ ಹೋದೆವು. ಮೂಸಿದ. ಪೊಟ್ಟಣ ಬಿಚ್ಚಿದ.
ಒಂದು ಬಾಯಿಗೆ ಹಾಕಿ ಕಣ್ಣು ಮುಚ್ಚಿದ,
ಕಡಲಿನ ಕಡೆ ಬೆರಳು ಮಾಡಿ ಎದೆ ಮುಟ್ಟಿಕೊಂಡ.
ಮೀನುಗಾರರ ಮನೆಯವನು!
ನಾನೂ ಎದೆ ಮುಟ್ಟಿಕೊಂಡೆ. ಇನ್ನು ಬಿಟ್ಟನೆಂದೇ ತಿಳಿದೆ.
ಸೋಡಾದ ದುಡ್ಡು ತೆಗೆದುಕೊಂಡ.
ಪೊಟ್ಟಣವನ್ನೂ.

ಪ್ರೇಮಾವತಿ ನಕ್ಕಳು, ನಗುವಾಗ ಕ್ಲಚ್ ಬಿಟ್ಟಳು,
ಗಾಡಿ ಕಪ್ಪೆಯ ಹಾಗೆ ಜಿಗಿದು ಸತ್ತಿತು.

ಒಂಬತ್ತನೇ ದಿನ ಮಾಜಾಳಿವರೆಗೆ ಹೋಗಿ ತಿರುಗಿ ಬರುವಾಗ
ಸದಾಶಿವಗಡದ ಇಳಿಜಾರಿನಲ್ಲಿ ಸೀಟಿ.
ಹಿಂದಿನ ಎಲ್ ಬೋರ್ಡು ಎಲ್ಲೋ ಬಿದ್ದುಹೋಗಿತ್ತು.
ಕಿಟಕಿಗೆ ಬಾಗಿದ ಮುಖ ನನ್ನನ್ನು ನೋಡಿ ಅರಳಿತು:
"ಅರೇ, ಮಾಸ್ತರು!"

ಯಶವಂತ. ಆರು ವರ್ಷದ ಹಿಂದೆ ಅದೇ ಬಯಲಿನಲ್ಲಿ
ನಾಲ್ಕು ಸಲ ಗೆರೆ ತುಳಿದವನು. ಎಂಟು ಅವನಿಗೆ ಕೊನೆಗೂ ಬರಲಿಲ್ಲ.
ಪಾಸಾದ. ಹೇಗೆಂದು ನನಗೆ ಗೊತ್ತು,
ನನ್ನ ಫೀಸಿನ ಪಟ್ಟಿಯಲ್ಲಿ "ಇತರೆ" ಎಂಬ ಸಾಲಿಗೆ ಗೊತ್ತು.

ಅಮ್ಮನ ಮಂಡಿನೋವು ಕೇಳಿದ. ಮಗಳ ಬಾಣಂತನ ಕೇಳಿದ.
ಇಷ್ಟು ಕೇಳದೆ ತೆಗೆದುಕೊಳ್ಳುತ್ತಿದ್ದರು ಅಲ್ಲಿ, ಅದೇ ವಾಸಿ.
"ನಿಮ್ಮ ಹತ್ತಿರ ನಾನು ಕೇಳುವುದುಂಟೇ?
ಇವರದ್ದು ಮಾತ್ರ. ಚಹಾಕ್ಕೆ. ಇನ್ನೂರು.
ಎಲ್‌ಎಲ್‌ಆರ್ ಮಡಿಕೆಯಲ್ಲಿ ಇಡಿ ಅಕ್ಕಾ.
ಮುಖ ಒಳಗೆ."

ನನ್ನ ಬಾಯಿ ಒಣಗಿತು. ಅವಳದ್ದು ಒಣಗಲಿಲ್ಲ.
"ಇನ್ನೂರಾ? ಯಾವುದಕ್ಕೆ? ಕಿವಿರು ತೋರಿಸು ನೋಡುವ.
ಮೂರು ದಿನ ಐಸಿನಲ್ಲಿಟ್ಟ ಮಾಲು, ಬೆರಳೊತ್ತಿದರೆ ಕುಳಿ.
ನಲವತ್ತು ಕೊಡುತ್ತೇನೆ.
ಬೇಡವಾ? ರಶೀದಿ ಬರಿ ಹಾಗಾದರೆ,
ಬರಿ ಬರಿ, ಪೂರ್ತಿ ಬರಿ, ನಿನ್ನ ಹೆಸರೂ ಬರಿ."
ರಶೀದಿ ಪುಸ್ತಕ ಅವನ ಕಂಕುಳಲ್ಲಿ ಬೆವರುತ್ತಿತ್ತು.
ಹಿಂದೆ ಗೋವಾ ಬಸ್ಸು ಹಾರ್ನಿನ ಮೇಲೆ ಹಾರ್ನು.
ಅರವತ್ತಕ್ಕೆ ಮುಗಿಯಿತು.

ಸೇತುವೆಯ ಮೇಲೆ, ನಾನು ಹೇಳದೆಯೇ, ಮೂರನೇ ಗೇರಿಗೆ ಬಂದಳು.
ಕೆಳಗೆ ಕಾಳಿ, ಇಳಿತದ ಹೊತ್ತು,
ಕೆಸರಿನಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರ ಬೆನ್ನು.
"ಮಾಸ್ತರೇ," ಎಂದಳು ಕನ್ನಡಿ ನೋಡುತ್ತ,
"ಆ ಹುಡುಗನಿಗೆ ಕಲಿಸಿದ್ದು ಯಾರು?"

"ಕ್ಲಚ್ ಒತ್ತು," ಎಂದೆ.
"ಮುಂದೆ ತಿರುವಿದೆ."